ಊರ ಪಕ್ಕ ಕೋಜನ್, ಎಥನಾಲ್ ಘಟಕ ಬರುತ್ತಂತೆ. ನಮ್ಮ ಬೋರ್‌ವೆಲ್ ನೀರಿಗೆ ಏನು ಗ್ಯಾರಂಟಿ?

ನಾಲೆಕೊನೆ_ಮದ್ದೂರು:
ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ಊರು ನಮ್ಮದು. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿ ಪ್ರಕಾರ, ನೀರು ಬಿಟ್ಟಾಗ ನಮ್ಮ ಗದ್ದೆ ತನಕ ಬಂದರೆ ಪುಣ್ಯ. ಉಳಿದ ದಿನ ಬೋರ್‌ವೆಲ್ಲೇ ಗತಿ. ಕುಡಿಯೋಕೂ ಅದೇ, ದನಕ್ಕೂ ಅದೇ, ಹಿಪ್ಪುನೇರಳೆ ತೋಟಕ್ಕೂ ಅದೇ.

ಈಗ ಊರಿಗೆ ಹತ್ತಿರದಲ್ಲೇ ಒಂದು ಖಾಸಗಿ ಕಂಪನಿ ಜಾಗ ತಗೊಂಡಿದೆ. ಕಬ್ಬು ಅರೆಯುವುದು, ಸಿಪ್ಪೆ ಉರಿಸಿ ಕರೆಂಟ್ ಮಾಡುವುದು (ಇದಕ್ಕೇ ಕೋಜನ್ ಅಂತಾರೆ), ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥನಾಲ್ ಮಾಡುವುದು, ಮೂರೂ ಒಂದೇ ಕಾಂಪೌಂಡಿನೊಳಗೆ. ಮೊನ್ನೆ ಅರಳಿಕಟ್ಟೆ ಹತ್ತಿರ ಬಂದು ಮಾತಾಡಿದರು. "ಒಂದು ಹನಿ ಕೊಳಕು ನೀರೂ ಹೊರಗೆ ಬಿಡಲ್ಲ" ಅಂದರು. ಹೇಗೆ ಅಂತ ಕೇಳಿದರೆ "ಝಡ್‌ಎಲ್‌ಡಿ ಹಾಕ್ತೀವಿ" ಅಂದರು. ಅದೇನು ಅಂತ ಅಲ್ಲಿದ್ದವರಿಗೆ ಯಾರಿಗೂ ಅರ್ಥ ಆಗಲಿಲ್ಲ.

ಕಾರ್ಖಾನೆ ಬೇಡ ಅನ್ನುವವನು ನಾನಲ್ಲ. ಕಬ್ಬು ಬೆಳೆದ ಮೇಲೆ ಅರೆಯುವವರು ಬೇಕೇ ಬೇಕು. ಆದರೆ ಬೋರ್‌ವೆಲ್ ಒಂದು ಸಲ ಕೆಟ್ಟರೆ ಅದನ್ನು ಸರಿ ಮಾಡೋದು ಯಾರು? ಕರೆಂಟ್, ಎಥನಾಲ್ ಮಾಡುವ ಕಂಪನಿಗಳು ಸುತ್ತಮುತ್ತಲ ನೀರನ್ನು ನಿಜಕ್ಕೂ ಹೇಗೆ ಕಾಪಾಡುತ್ತವೆ? ನಾವು ಏನೇನು ಕೇಳಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ಕಬ್ಬಿನಗಾಡಿ:
ಮೊದಲು ಬರಲಿ ಗುರು. ಕಟಾವಿಗೆ ಬಂದ ಕಬ್ಬು ಲಾರಿ ಸಿಗದೆ ಗದ್ದೆಯಲ್ಲೇ ಒಣಗಿದ್ದು ಮರೆತೋಯ್ತಾ? ಈಗಲೇ ಅಡ್ಡಗಾಲು ಹಾಕಿದರೆ ಅವರು ಬೇರೆ ಜಿಲ್ಲೆ ನೋಡಿಕೊಳ್ಳುತ್ತಾರೆ.

ಹಳ್ಳದ_ದಂಡೆ:
ಅಡ್ಡಗಾಲು ಅಲ್ಲ ಅಣ್ಣ, ಪ್ರಶ್ನೆ. ನಮ್ಮ ಕಡೆ ಒಂದು ಡಿಸ್ಟಿಲರಿ (ಸ್ಪಿರಿಟ್, ಎಥನಾಲ್ ಕಾರ್ಖಾನೆ) ಇದೆ, ಹೆಸರು ಬೇಡ. ಜೋರು ಮಳೆ ಬಂದ ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ ಹಳ್ಳದ ನೀರು ಕಾಫಿ ಡಿಕಾಕ್ಷನ್ ಬಣ್ಣ. ನೊರೆ ಬೇರೆ. ಎಮ್ಮೆ ಮೂಸಿ ನೋಡಿ ತಿರುಗಿ ಬರುತ್ತೆ. ಅಧಿಕಾರಿಗಳು ಬರುವ ಹೊತ್ತಿಗೆ ಹಳ್ಳ ತಿಳಿಯಾಗಿರುತ್ತೆ, ಬರೆದುಕೊಂಡು ಹೋಗುತ್ತಾರೆ. ನಮ್ಮ ಹತ್ತಿರ ಫೋಟೋ ಬಿಟ್ಟರೆ ಏನೂ ದಾಖಲೆ ಇಲ್ಲ.

ಲ್ಯಾಬ್_ಅಕ್ಕ_ಮೈಸೂರು:
ಸಕ್ಕರೆ ಮತ್ತು ಡಿಸ್ಟಿಲರಿ ಲ್ಯಾಬಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಮೂರು ಘಟಕಗಳ ನೀರಿನ ಕಥೆ ಬೇರೆ ಬೇರೆ. ಒಟ್ಟಿಗೆ ಸೇರಿಸಿ ಮಾತಾಡಿದರೆ ಕಂಪನಿಯವರು ಸುಲಭವಾದದ್ದಕ್ಕೆ ಮಾತ್ರ ಉತ್ತರ ಕೊಟ್ಟು ಎದ್ದು ಹೋಗುತ್ತಾರೆ.

ಸಕ್ಕರೆ ಭಾಗ ತಗೊಳ್ಳಿ. ಕಬ್ಬಿನ ತೂಕದಲ್ಲಿ ಸುಮಾರು 70 ಭಾಗ ನೀರೇ. ದಿನಕ್ಕೆ 5,000 ಟನ್ ಅರೆದರೆ ಹತ್ತಿರ ಹತ್ತಿರ 3,500 ಟನ್ ನೀರು ಕಬ್ಬಿನ ಜೊತೆಗೇ ಗೇಟಿನೊಳಗೆ ಬರುತ್ತೆ. ರಸ ಕುದಿಸುವಾಗ ಅದು ಆವಿಯಾಗುತ್ತೆ, ತಣಿದರೆ ಮತ್ತೆ ನೀರು. ಅದನ್ನೇ ಶುದ್ಧ ಮಾಡಿ ತಿರುಗಿಸಿ ಬಳಸಿದರೆ ಅರೆಯುವ ಸೀಸನ್‌ನಲ್ಲಿ ಬೋರ್‌ವೆಲ್ ಹೆಚ್ಚು ಮುಟ್ಟಬೇಕಾಗಿಲ್ಲ. ಹೊರಗೆ ಹೋಗುವ ನೀರಿಗೆ 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಿತಿ ಹಾಕಿದೆ. ಒಂದು ಟನ್ ಕಬ್ಬಿಗೆ ಎಲ್ಲ ಸೇರಿ 200 ಲೀಟರ್, ಅದೂ ಶುದ್ಧ ಮಾಡಿದ ಮೇಲೆ. 5,000 ಟನ್ ಅಂದರೆ ದಿನಕ್ಕೆ 10 ಲಕ್ಷ ಲೀಟರ್. ಇದು ಎಲ್ಲಿಗೆ ಹೋಗುತ್ತೆ, ಯಾರ ಗದ್ದೆಗೆ ಬಿಡುತ್ತಾರೆ, ಆ ಗದ್ದೆಯವರ ಒಪ್ಪಿಗೆ ಇದೆಯಾ ಅಂತ ಕೇಳಿ.

ಕರೆಂಟ್ ಭಾಗದಲ್ಲಿ ಬಾಯ್ಲರ್ ಮತ್ತು ಕೂಲಿಂಗ್ ಟವರ್. ಟವರಿನಲ್ಲಿ ನೀರು ಸುತ್ತಿ ಸುತ್ತಿ ಉಪ್ಪು ಗಟ್ಟಿಯಾಗುತ್ತೆ, ಆಗಾಗ ಸ್ವಲ್ಪ ಹೊರಗೆ ಬಿಟ್ಟು ಹೊಸ ನೀರು ತುಂಬಬೇಕು. ವಾಸನೆ ಇರಲ್ಲ, ಬಣ್ಣ ಇರಲ್ಲ. ಹಾಗಾಗಿ ಯಾರೂ ಗಮನಿಸಲ್ಲ. ಆದರೆ ವರ್ಷಗಟ್ಟಲೆ ಒಂದೇ ಜಾಗಕ್ಕೆ ಬಿಟ್ಟರೆ ಮಣ್ಣು ಉಪ್ಪಾಗುತ್ತೆ.

ಅಸಲಿ ಅಪಾಯ ಡಿಸ್ಟಿಲರಿ. ಕಾಕಂಬಿಯಿಂದ ಒಂದು ಲೀಟರ್ ಸ್ಪಿರಿಟ್ ತೆಗೆದರೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್, ಅಂದರೆ ಉಳಿಯುವ ಕಂದು ಕೊಳಕು ನೀರು, ಬರುತ್ತೆ. ದಿನಕ್ಕೆ 60,000 ಲೀಟರ್ ಘಟಕ ಅಂದರೆ ಕಡಿಮೆ ಅಂದರೂ ಹತ್ತಿರ ಹತ್ತಿರ ಐದು ಲಕ್ಷ ಲೀಟರ್. ಶುದ್ಧ ಮಾಡದ ಸ್ಪೆಂಟ್ ವಾಶ್‌ನ ಬಿಒಡಿ (ಕೊಳೆಯುವಾಗ ನೀರಿನಿಂದ ಎಳೆದುಕೊಳ್ಳುವ ಆಮ್ಲಜನಕದ ಅಳತೆ) ಲೀಟರಿಗೆ 40,000 ಮಿಲಿಗ್ರಾಂ ದಾಟುತ್ತೆ. ನದಿಗೆ ಬಿಡುವ ಸಕ್ಕರೆ ಕಾರ್ಖಾನೆ ನೀರಿಗೆ ಇರುವ ಮಿತಿ ಬರೀ 30. ವ್ಯತ್ಯಾಸ ನೀವೇ ನೋಡಿ. ಹಳ್ಳದ_ದಂಡೆ ಅಣ್ಣ ಹೇಳಿದ ಬಣ್ಣ ಇದೇ.

ಝಡ್‌ಎಲ್‌ಡಿ ಅಂದರೆ ಈ ಸ್ಪೆಂಟ್ ವಾಶನ್ನು ಹೊರಗೆ ಬಿಡದೆ, ಸಾಲಾಗಿ ನಿಲ್ಲಿಸಿದ ಎವಾಪರೇಟರ್‌ಗಳಲ್ಲಿ ಕುದಿಸಿ ಬೆಲ್ಲದ ಪಾಕದಷ್ಟು ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಸಿಪ್ಪೆ ಜೊತೆ ಉರಿಸಿಬಿಡುವುದು. ಇಲ್ಲವೇ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಜೊತೆ ಕಲಸಿ ಗೊಬ್ಬರ ಮಾಡುವುದು. ಉರಿಸುವ ವಿಧಾನ ದುಬಾರಿ, ಆದರೆ ಗಟ್ಟಿ. ಗೊಬ್ಬರದ ಅಂಗಳ ಮಳೆಗಾಲದಲ್ಲಿ ನಡೆಯೋ ಕೆಲಸವೇ ಅಲ್ಲ, ತೊಳೆದುಕೊಂಡು ಹೋಗುತ್ತೆ. ನಿಮ್ಮವರು ಯಾವುದು ಮಾಡುತ್ತಾರೆ ಅಂತ ಮೊದಲು ಕೇಳಿ.

ಕಬ್ಬಿನಗಾಡಿ:
ಅಕ್ಕ, ಇಷ್ಟೆಲ್ಲ ಯಂತ್ರ ಹಾಕಿದ ಮೇಲೆ ಸೋರೋದು ಹೇಗೆ?

ಲ್ಯಾಬ್_ಅಕ್ಕ_ಮೈಸೂರು:
ಎವಾಪರೇಟರ್ ಕೊಳವೆಗಳಲ್ಲಿ ಗಸಿ ಕಟ್ಟುತ್ತೆ. ನಿಲ್ಲಿಸಿ ತೊಳೆಯಬೇಕು. ಅಷ್ಟು ದಿನ ಸ್ಪೆಂಟ್ ವಾಶ್ ಲಗೂನ್‌ನಲ್ಲಿ, ಅಂದರೆ ದೊಡ್ಡ ಹೊಂಡದಲ್ಲಿ, ನಿಲ್ಲಬೇಕು. ಡಿಸ್ಟಿಲರಿ ನಿಲ್ಲಿಸಲು ಮನಸ್ಸಿಲ್ಲದಿದ್ದರೆ ಲಗೂನ್ ತುಂಬುತ್ತೆ. ಲಗೂನ್ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಹಾಳೆಯ ಬೆಸುಗೆ ಬಿಟ್ಟರೆ ಮೇಲಿಂದ ಏನೂ ಕಾಣಲ್ಲ, ಕೆಳಗೆ ಇಳಿಯುತ್ತಾ ಇರುತ್ತೆ. ಲಗೂನ್ ಎಷ್ಟು ದಿನದ್ದು, ಎವಾಪರೇಟರ್ ನಿಂತ ದಿನ ಡಿಸ್ಟಿಲರಿಯೂ ನಿಲ್ಲುತ್ತಾ, ಈ ಎರಡು ಪ್ರಶ್ನೆಗೆ ನೇರ ಉತ್ತರ ಬೇಕು.

ಚಾಮುಂಡಿಪುರಂ_ಮಾವ:
2007 ನೆನಪಿದೆಯಾ ಯಾರಿಗಾದರೂ? ಎಚ್.ಡಿ. ಕೋಟೆ ತಾಲ್ಲೂಕಿನ ಚಾಮಲಾಪುರದಲ್ಲಿ 1,000 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಅಂತ ಹೊರಟಿದ್ದರು. ಒಂದು ಕಡೆ ಕಬಿನಿ, ಇನ್ನೊಂದು ಕಡೆ ನಾಗರಹೊಳೆ ಕಾಡು. ರೈತರ ಜೊತೆ ಮೈಸೂರಿನವರೂ ಬೀದಿಗಿಳಿದರು, ಕೊನೆಗೆ ಯೋಜನೆ ಕೈಬಿಟ್ಟರು. ಅದು ಬಂದಿದ್ದರೆ ನೀರಿನ ಲೆಕ್ಕ ಏನಾಗುತ್ತಿತ್ತು ನೋಡಿ. ಈಗಿನ ನಿಯಮದಲ್ಲಿ 2017ರ ನಂತರದ ಸ್ಥಾವರಕ್ಕೆ ಒಂದು ಮೆಗಾವ್ಯಾಟ್ ಅವರ್‌ಗೆ 3 ಘನ ಮೀಟರ್ ನೀರು ಮಿತಿ. ಪೂರ್ತಿ ಓಡಿದರೆ 1,000 ಮೆಗಾವ್ಯಾಟ್‌ಗೆ ದಿನಕ್ಕೆ 7 ಕೋಟಿ 20 ಲಕ್ಷ ಲೀಟರ್. ಅಷ್ಟೂ ಕಬಿನಿಯದ್ದೇ ಆಗುತ್ತಿತ್ತು. 2007ರಲ್ಲಿ ಈ ಮಿತಿಯೂ ಇರಲಿಲ್ಲ.

ಕೆಆರ್‌ಎಸ್_ಗಾಳಿ:
ಅದಕ್ಕೇ ನಾನು ಹೇಳೋದು, ನಮ್ಮ ಭಾಗಕ್ಕೆ ಜಲವಿದ್ಯುತ್ ಒಂದೇ ಸರಿ. ನೀರು ಚಕ್ರ ತಿರುಗಿಸಿ ಮುಂದೆ ಹೋಗುತ್ತೆ, ಒಂದು ಹನಿ ಹಾಳಾಗಲ್ಲ. ಕೆಆರ್‌ಎಸ್ ಕಟ್ಟಿದ್ದು ವ್ಯವಸಾಯಕ್ಕೆ, ಶಿವನಸಮುದ್ರ ಅದರ ಮೇಲೆ ಉಚಿತವಾಗಿ ಸಿಕ್ಕಿದ ಲಾಭ.

ಮೀಟರ್_ರೂಂ (ನಿವೃತ್ತ):
ಇತಿಹಾಸ ತಿರುಗುಮುರುಗಾಯಿತು ಸ್ವಾಮಿ. ಶಿವನಸಮುದ್ರದಲ್ಲಿ ಕರೆಂಟ್ ಶುರುವಾಗಿದ್ದು 1902ರಲ್ಲಿ, ಕೋಲಾರದ ಚಿನ್ನದ ಗಣಿಗೆ. ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದರು. ಕೆಆರ್‌ಎಸ್ ಕೆಲಸ ಶುರುವಾಗಿದ್ದು 1911ರಲ್ಲಿ. ಬೇಸಿಗೆಯಲ್ಲಿ ಹೊಳೆ ಇಳಿದು ಗಣಿಗೆ ಕರೆಂಟ್ ಸಾಲದೆ ಬರುತ್ತಿತ್ತು. ಶಿವನಸಮುದ್ರಕ್ಕೆ ವರ್ಷಪೂರ್ತಿ ಒಂದೇ ಸಮ ನೀರು ಕೊಡುವುದೂ ಅಣೆಕಟ್ಟಿನ ಮುಖ್ಯ ಉದ್ದೇಶಗಳಲ್ಲಿ ಒಂದು.

ಇನ್ನು ಹಾಳಾಗಲ್ಲ ಅನ್ನುವ ಮಾತು. ನೀರು ಕೊಳಕಾಗಲ್ಲ, ಅದು ನಿಜ. ಆದರೆ ಒಡ್ಡಿನಿಂದ ಕಾಲುವೆಗೆ ತಿರುಗಿಸಿದ ನೀರು ಟರ್ಬೈನ್ ದಾಟಿ ಮತ್ತೆ ಹೊಳೆಗೆ ಸೇರುವ ತನಕ ನಡುವಿನ ಹೊಳೆ ಒಣಗುತ್ತೆ. ಆ ಭಾಗದಲ್ಲಿ ಮೀನು ಹಿಡಿಯುವವರನ್ನು, ಪಂಪ್ ಇಟ್ಟುಕೊಂಡವರನ್ನು ಕೇಳಿ. 2017ರಲ್ಲಿ ಹಸಿರು ನ್ಯಾಯಮಂಡಳಿ, ಬೇಸಿಗೆ ಕಾಲದ ಸರಾಸರಿ ಹರಿವಿನಲ್ಲಿ ಶೇ. 15ರಿಂದ 20ರಷ್ಟನ್ನಾದರೂ ಹೊಳೆಯಲ್ಲಿ ಬಿಡಲೇಬೇಕು ಎಂದಿದೆ. 25 ಮೆಗಾವ್ಯಾಟ್‌ಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿಯೇ ಬೇಡ, ಹಾಗಾಗಿ ಅವುಗಳ ಮೇಲೆ ಜನರೇ ಕಣ್ಣಿಡಬೇಕು.

ಕೆಆರ್‌ಎಸ್_ಗಾಳಿ:
ಸರಿ ಸಾರ್, ಆದರೂ ಕಲ್ಲಿದ್ದಲಿಗಿಂತ ಸಾವಿರ ಪಾಲು ವಾಸಿ. ಇದನ್ನು ಮಾತ್ರ ಬಿಡಲ್ಲ.

ಮೀಟರ್_ರೂಂ (ನಿವೃತ್ತ):
ಅದಕ್ಕೆ ನನ್ನದೂ ಒಪ್ಪಿಗೆ. ಕಲ್ಲಿದ್ದಲು ಸ್ಥಾವರದ ಬೂದಿ ಕೊಳ ಒಡೆದರೆ ಏನಾಗುತ್ತೆ ಅಂತ 2008ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಕಂಡಿದ್ದಾರೆ, 2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸಾಸನ್‌ನಲ್ಲಿ ಕಂಡಿದ್ದಾರೆ. ಸಾಸನ್‌ನಲ್ಲಿ ಜನ ಕೊಚ್ಚಿಹೋದರು, ಮಕ್ಕಳೂ ಇದ್ದರು.

ಹೆಬ್ಬಾಳ_ಸೆಕೆಂಡ್‌ಸ್ಟೇಜ್:
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಮ್ಮ ಮನೆ ಹತ್ತಿರ ವಿದ್ಯುತ್ ಸಬ್‌ಸ್ಟೇಷನ್ ಇದೆ. ಟ್ರಾನ್ಸ್‌ಫಾರ್ಮರ್ ಎಣ್ಣೆ ಮಣ್ಣಿಗೆ ಸೇರುತ್ತಾ?

ಮೀಟರ್_ರೂಂ (ನಿವೃತ್ತ):
ಒಳ್ಳೇ ಪ್ರಶ್ನೆ, ವಿಷಯದೊಳಗೇ ಇದೆ. 2,000 ಲೀಟರ್‌ಗಿಂತ ಹೆಚ್ಚು ಎಣ್ಣೆ ಇರುವ ಟ್ರಾನ್ಸ್‌ಫಾರ್ಮರ್ ಕೆಳಗೆ ಗುಂಡಿ ಮಾಡಿ ಜಲ್ಲಿ ತುಂಬಬೇಕು ಅಂತ ನಿಯಮ ಇದೆ. ಎಣ್ಣೆ ಸೋರಿದರೆ ಜಲ್ಲಿ ನಡುವೆ ಇಳಿದು ಗುಂಡಿಯಲ್ಲೇ ನಿಲ್ಲುತ್ತೆ, ಬೆಂಕಿಯೂ ಹರಡಲ್ಲ. ಬೇಲಿ ಹೊರಗೆ ನಿಂತು ನೋಡಿ. ಜಲ್ಲಿ ಕಾಣುತ್ತಾ, ಇಲ್ಲ ಮಣ್ಣು ಮುಚ್ಚಿ ಹುಲ್ಲು ಬೆಳೆದಿದೆಯಾ? ಹುಲ್ಲು ಬೆಳೆದಿದ್ದರೆ ಆ ಗುಂಡಿ ಕೆಲಸ ಮಾಡಲ್ಲ. ಬರೆದು ಕೊಡಿ. ಮಳೆ ನೀರು ತುಂಬಿದ ಗುಂಡಿಯನ್ನು ಹಾಗೇ ಚರಂಡಿಗೆ ಪಂಪ್ ಮಾಡುವುದೂ ತಪ್ಪು, ಮೇಲೆ ತೇಲುವ ಎಣ್ಣೆ ಬೇರೆ ಮಾಡಿಯೇ ಬಿಡಬೇಕು.

ಹೆಬ್ಬಾಳ_ಸೆಕೆಂಡ್‌ಸ್ಟೇಜ್:
ಥ್ಯಾಂಕ್ಸ್ ಸಾರ್. ಪಕ್ಕದ ರಸ್ತೆಗೆ ಪೆಟ್ರೋಲ್ ಬಂಕ್ ಬೇರೆ ಬರುತ್ತಿದೆ!

ಸೀಸಾ_ಡಬ್ಬಿ:
ಬಂಕಿಗೆ 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಸ ಮಾರ್ಗಸೂಚಿ ಕೊಟ್ಟಿದೆ. ಶಾಲೆ, ಆಸ್ಪತ್ರೆ, ಮನೆಗಳಿಂದ 50 ಮೀಟರ್ ದೂರ ಇರಬೇಕು. ಜಾಗವೇ ಇಲ್ಲ ಅಂದರೆ ಹೆಚ್ಚುವರಿ ಸುರಕ್ಷತೆ ಜೊತೆ 30 ಮೀಟರ್, ಅದಕ್ಕಿಂತ ಹತ್ತಿರ ಆಗಲ್ಲ. ಅಳತೆ ಟೇಪ್ ತಗೊಂಡು ಹೋಗಿ. ಬಂಕಿಗೆ ಬೇರೆ ಥ್ರೆಡ್ ಹಾಕಿ, ಇಲ್ಲಿ ರೈತರ ಮಾತು ಮುಂದುವರಿಯಲಿ.

ಕಾಳಿನದಿ_ಸೊಸೆ:
ನಾನು ಮಂಡ್ಯದವಳು, ಮದುವೆಯಾಗಿ ಕಾರವಾರದ ಕಡೆ ಬಂದೆ. ಕೈಗಾ ಅಣು ಸ್ಥಾವರ ಕದ್ರಾ ಜಲಾಶಯದ ನೀರಿನಿಂದಲೇ ತಣಿಯುತ್ತೆ. ಅಲ್ಲಿ ಸುತ್ತಲಿನ ನೀರು, ಮೀನು, ಹಾಲು, ತರಕಾರಿ ಎಲ್ಲ ತಂದು ಪರೀಕ್ಷೆ ಮಾಡುವ ಲ್ಯಾಬ್ ಇದೆ. ಸ್ಥಾವರ ಶುರುವಾಗುವ ಮುಂಚಿನಿಂದಲೇ ಅಳತೆ ಇಟ್ಟಿದ್ದಾರೆ. 2009ರ ನವೆಂಬರಿನಲ್ಲಿ ಸ್ಥಾವರದ ಒಳಗಿನ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಇರುವ ಭಾರಜಲ (ಅಣು ಸ್ಥಾವರದಲ್ಲಿ ಬಳಸುವ ನೀರು) ಸೇರಿಬಿಟ್ಟಿತ್ತು. 50ಕ್ಕೂ ಹೆಚ್ಚು ಸಿಬ್ಬಂದಿ ಕುಡಿದಿದ್ದರು. ಗೊತ್ತಾಗಿದ್ದು ಹೇಗೆ? ಮಾಮೂಲಿ ಮೂತ್ರ ಪರೀಕ್ಷೆಯಿಂದ. ಯಾರೂ ಪರೀಕ್ಷೆ ಮಾಡುತ್ತಿರದಿದ್ದರೆ ಆ ನೀರನ್ನು ಇನ್ನೂ ಎಷ್ಟು ದಿನ ಕುಡಿಯುತ್ತಿದ್ದರೋ. ನಿಮ್ಮ ಊರಿಗೂ ಅದೇ ಬೇಕು, ಮೊದಲಿನ ಅಳತೆ.

ಲ್ಯಾಬ್_ಅಕ್ಕ_ಮೈಸೂರು:
ಇದನ್ನೇ ಹೇಳಬೇಕು ಅಂತಿದ್ದೆ, ಸೊಸೆಯವರೇ ಹೇಳಿದರು. ನಾಲೆಕೊನೆ ಅಣ್ಣ, ಉಳಿದ ಎಲ್ಲಕ್ಕಿಂತ ಇದು ದೊಡ್ಡದು. ಕಾರ್ಖಾನೆ ಚಿಮಣಿಯಲ್ಲಿ ಹೊಗೆ ಬರುವ ಮುಂಚೆ ನಿಮ್ಮ ಬೋರ್‌ವೆಲ್ ನೀರಿನ ವರದಿ ನಿಮ್ಮ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ನಾಳೆ ನೀರು ಕೆಟ್ಟಾಗ ಅವರು ಹೇಳುವುದು ಒಂದೇ ಮಾತು: "ಇದು ಯೂರಿಯಾದಿಂದ ಬಂದಿದ್ದು." ಮಂಡ್ಯ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಈಗಾಗಲೇ 45 ಮಿಲಿಗ್ರಾಂ ಮಿತಿ ದಾಟಿದೆ, ಗೊಬ್ಬರ ಜಾಸ್ತಿ ಹಾಕಿದ್ದೂ ಕಾರಣ. ಅವರ ಮಾತಿನಲ್ಲಿ ಅರ್ಧ ನಿಜ ಇರುವುದರಿಂದಲೇ ಅದು ಅಪಾಯ. ಸ್ಪೆಂಟ್ ವಾಶ್ ಇಳಿದರೆ ನೈಟ್ರೇಟ್ ಒಂದೇ ಏರುವುದಿಲ್ಲ. ಬಣ್ಣ, ಸಿಒಡಿ (ಬಿಒಡಿ ಥರದ್ದೇ ಇನ್ನೊಂದು ಕೊಳಕಿನ ಅಳತೆ), ಪೊಟ್ಯಾಷಿಯಂ, ಕ್ಲೋರೈಡ್ ಒಟ್ಟಿಗೆ ಏರುತ್ತವೆ. ಮೊದಲಿನ ವರದಿ ಇದ್ದರೆ ಯಾವುದು ಯಾರದ್ದು ಅಂತ ಬಿಡಿಸಬಹುದು.

ನೀರು ತೆಗೆಯುವುದರಲ್ಲೂ ಕ್ರಮ ಇದೆ. ಮೋಟಾರ್ ಹಾಕಿದ ತಕ್ಷಣ ಹಿಡಿಯಬೇಡಿ, ಅದು ಪೈಪಿನಲ್ಲಿ ನಿಂತ ನೀರು. ಕಾಲು ಗಂಟೆ ಓಡಿಸಿ. ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಚೆಲ್ಲಿ. ಎಣ್ಣೆ ಕ್ಯಾನ್, ಔಷಧಿ ಕ್ಯಾನ್ ಎಷ್ಟು ತೊಳೆದರೂ ಬೇಡ. ಗಾಳಿ ಉಳಿಯದ ಹಾಗೆ ಬಾಯಿ ತನಕ ತುಂಬಿಸಿ ಮುಚ್ಚಳ ಬಿಗಿಯಿರಿ. ಮೇಲೆ ಸರ್ವೆ ನಂಬರ್, ಬೋರ್ ಆಳ, ದಿನ, ಗಂಟೆ ಬರೆದು ಅಂಟಿಸಿ. ಐಸ್ ಡಬ್ಬದಲ್ಲಿ ಇಟ್ಟು ಅವತ್ತೇ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಪಂಚಾಯ್ತಿ ಪಿಡಿಒ ಎದುರಿಗೇ ತೆಗೆದು ಮಹಜರು ಮಾಡಿಸಿದರೆ ಇನ್ನೂ ಗಟ್ಟಿ. ಮಳೆಗಾಲಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು.

ಹಳ್ಳದ_ದಂಡೆ:
ಅಯ್ಯೋ ಅಕ್ಕ, ಇದನ್ನು ನಮಗೆ ಆಗಲೇ ಯಾರಾದರೂ ಹೇಳಿದ್ದರೆ.

ಕಬ್ಬಿನಗಾಡಿ:
ಖರ್ಚು ಯಾರು ಕೊಡ್ತಾರೆ? ಒಂದೊಂದು ಬೋರಿಗೂ ಸಾವಿರಗಟ್ಟಲೆ ಆದರೆ ಯಾವ ರೈತ ಮಾಡಿಸ್ತಾನೆ?

ಸೀಸಾ_ಡಬ್ಬಿ:
ಎಲ್ಲ ಬೋರ್ ಬೇಡ. ಕಾರ್ಖಾನೆ ಜಾಗದಿಂದ ಇಳಿಜಾರು ಯಾವ ಕಡೆ ಅಂತ ನೋಡಿ, ಆ ಕಡೆ ಮೂರ್ನಾಲ್ಕು, ಮೇಲಿನ ಕಡೆ ಒಂದು. ಮೇಲಿನದ್ದು ಹೋಲಿಸಿ ನೋಡೋಕೆ. ಊರವರು ಸೇರಿ ಹಾಕಿಕೊಂಡರೆ ಆಗುವ ಖರ್ಚು. ಕುಡಿಯುವ ನೀರಿನ ಬೋರ್ ಆದರೆ ಪಂಚಾಯ್ತಿ ಮೂಲಕ ಜಿಲ್ಲಾ ಮಟ್ಟದ ಸರ್ಕಾರಿ ಲ್ಯಾಬಿಗೂ ಕಳಿಸಬಹುದು.

ಪಂಜಾಬಿನ ಝೀರಾ ಹೆಸರು ಕೇಳಿದ್ದೀರಾ? ಅಲ್ಲಿ ಎಥನಾಲ್ ಕಾರ್ಖಾನೆ ಹತ್ತಿರ ಬೋರ್ ಕೊರೆದಾಗ ಬಂದ ನೀರು ಸ್ಪಿರಿಟ್ ವಾಸನೆ ಹೊಡೆಯಿತು. 2022ರ ಜುಲೈಯಿಂದ ಜನ ಗೇಟಿನ ಮುಂದೆ ಕುಳಿತರು. 2023ರ ಜನವರಿಯಲ್ಲಿ ಮುಖ್ಯಮಂತ್ರಿ ಮುಚ್ಚಲು ಹೇಳಿದರು. ಅಷ್ಟು ತಿಂಗಳು ಚಳಿಯಲ್ಲಿ ಕೂರುವ ಬದಲು ಮುಂಚೆಯೇ ನೀರು ಪರೀಕ್ಷೆ ಮಾಡಿಸೋದು ಅಗ್ಗ. ಅದೇ ಪಂಜಾಬಿನಲ್ಲಿ 2018ರ ಮೇ ತಿಂಗಳಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ಬಿಯಾಸ್ ನದಿಗೆ ಹರಿದು ರಾಶಿ ರಾಶಿ ಮೀನು ಸತ್ತವು. ಕಾಕಂಬಿ ವಿಷ ಅಲ್ಲ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಪೂರ್ತಿ ಎಳೆದುಕೊಂಡಿತು, ಮೀನು ಉಸಿರುಗಟ್ಟಿದವು.

ಕಬ್ಬಿನಗಾಡಿ:
ಪಂಜಾಬು ಅಲ್ಲಿ, ನಾವು ಇಲ್ಲಿ. ಒಳ್ಳೆಯ ಕಾರ್ಖಾನೆಗಳೂ ಇವೆ. ಒಂದು ಕಡೆ ತಪ್ಪು ಆಯ್ತು ಅಂತ ಎಲ್ಲರನ್ನೂ ಕಳ್ಳರ ಹಾಗೆ ನೋಡಬೇಡಿ.

ಲ್ಯಾಬ್_ಅಕ್ಕ_ಮೈಸೂರು:
ಖಂಡಿತ ಇವೆ. ನಾನು ಕೆಲಸ ಮಾಡಿದ ಒಂದು ಕಡೆ ಎವಾಪರೇಟರ್ ನಿಂತರೆ ಡಿಸ್ಟಿಲರಿ ನಿಲ್ಲಿಸಲೇಬೇಕು ಅಂತ ಮ್ಯಾನೇಜರ್ ಕಟ್ಟುನಿಟ್ಟು. ನಷ್ಟ ಆದರೂ ಸರಿ. ಅಂಥ ಕಂಪನಿಗೆ ನಿಮ್ಮ ವರದಿಯಿಂದ ಲಾಭವೇ, ಸುಳ್ಳು ಆರೋಪ ಬಂದರೆ ತೋರಿಸಬಹುದು.

ಚಾಮುಂಡಿಪುರಂ_ಮಾವ:
ಪರಿಸರ ಅನುಮತಿಗೆ ಮುಂಚೆ ಊರವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆಗೆ ತಯಾರಾಗಿ. ಪೇಪರಿನಲ್ಲಿ ಪ್ರಕಟಣೆ ಬಂದ ಮೇಲೆ ಕನಿಷ್ಠ 30 ದಿನ ಇರುತ್ತೆ. ಪರಿಸರ ವರದಿಯ ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಡಿಸಿ ಕಚೇರಿ, ಜಿಲ್ಲಾ ಪಂಚಾಯ್ತಿ, ಕೆಳಗಿನ ಪಂಚಾಯ್ತಿಗಳಲ್ಲಿ ನೋಡಲು ಸಿಗಬೇಕು. ಸಭೆಗೆ ಡಿಸಿ ಇಲ್ಲವೇ ಅವರ ಪರವಾಗಿ ಎಡಿಸಿ ದರ್ಜೆಯವರು ಕೂರಬೇಕು. ವಿಡಿಯೋ ಆಗಬೇಕು. ನೀವು ಹೇಳಿದ್ದನ್ನು ಕೊನೆಯಲ್ಲಿ ಕನ್ನಡದಲ್ಲೇ ಓದಿ ಹೇಳಬೇಕು. ಓದಿದಾಗ ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಿ. ಚಾಮಲಾಪುರದ ಹೊತ್ತಿನಲ್ಲಿ ನಾವು ಕಲಿತಿದ್ದು ಇದೇ, ಬಾಯಲ್ಲಿ ಹೇಳಿದ್ದಕ್ಕಿಂತ ಬರೆದು ಕೊಟ್ಟು ಸೀಲ್ ಹಾಕಿಸಿಕೊಂಡ ಪ್ರತಿ ದೊಡ್ಡದು.

ಸೀಸಾ_ಡಬ್ಬಿ:
ಮಾವ, ಒಂದು ಎಚ್ಚರಿಕೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾತ್ರ ಮಾಡುವ, ಝಡ್‌ಎಲ್‌ಡಿ ಇರುವ ಕೆಲವು ಬಗೆಯ ಘಟಕಗಳಿಗೆ 2021ರಲ್ಲಿ ಸಡಿಲಿಕೆ ಕೊಟ್ಟು ಬಿ2 ವರ್ಗಕ್ಕೆ ಹಾಕಿದ್ದರು. ಬಿ2 ಅಂದರೆ ಅಹವಾಲು ಸಭೆ ಇಲ್ಲ. ಹಾಗಾಗಿ ಇವರು ಯಾವ ವರ್ಗದಲ್ಲಿ ಅರ್ಜಿ ಹಾಕಿದ್ದಾರೆ ಅನ್ನುವುದು ಮೊದಲು ಗೊತ್ತಾಗಬೇಕು. ಸಭೆಯನ್ನೇ ಕಾಯುತ್ತಾ ಕುಳಿತರೆ ಅನುಮತಿ ಸಿಕ್ಕಿ ಮುಗಿದಿರಬಹುದು.

ಚಾಮುಂಡಿಪುರಂ_ಮಾವ:
ಸಡಿಲಿಕೆ ಕೊಟ್ಟಿದ್ದೇ ತಪ್ಪು. ಎಥನಾಲ್ ಯಾವುದಕ್ಕೆ ಹೋದರೂ ಸ್ಪೆಂಟ್ ವಾಶ್ ಅಷ್ಟೇ ಬರುತ್ತೆ ಅಲ್ವಾ? ಊರವರ ಬಾಯಿ ಯಾಕೆ ಮುಚ್ಚಿಸಬೇಕು?

ಸೀಸಾ_ಡಬ್ಬಿ:
ಒಪ್ಪುತ್ತೇನೆ. ಆದರೆ ಬಿ2 ಆದರೂ ಕಾರ್ಖಾನೆ ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. 1974ರ ಜಲ ಕಾಯ್ದೆ ಇವರಿಗೂ ಅನ್ವಯ ಆಗುತ್ತೆ. ಸಮ್ಮತಿ ಪತ್ರದಲ್ಲಿ ಷರತ್ತುಗಳು ಇರುತ್ತವೆ: ಲಗೂನ್ ಅಳತೆ, ನೀರಿನ ಮಿತಿ, ಸುತ್ತಲಿನ ವೀಕ್ಷಣಾ ಬಾವಿಗಳು. ಪರಿಸರ ಅನುಮತಿ ಪಡೆದವರು ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ವೀಕ್ಷಣಾ ಬಾವಿಯ ನೀರಿನ ಅಂಕಿಗಳು ಅದರಲ್ಲೇ ಇರುತ್ತವೆ. ಹತ್ತು ರೂಪಾಯಿ ಶುಲ್ಕದ ಆರ್‌ಟಿಐ ಹಾಕಿ, 30 ದಿನದಲ್ಲಿ ಕೊಡಬೇಕು. ಆ ಅಂಕಿ ಪಕ್ಕ ನಿಮ್ಮ ಬೋರಿನ ಅಂಕಿ ಇಟ್ಟು ನೋಡಿ.

ನಾಲೆಕೊನೆ_ಮದ್ದೂರು:
ಎಲ್ಲರಿಗೂ ಕೈ ಮುಗಿದೆ. ಓದಿ ಓದಿ ನಮ್ಮ ಹುಡುಗರ ಗುಂಪಿನಲ್ಲೂ ಹಾಕಿದೆ. ಪಿಡಿಒ ಹತ್ತಿರ ಮಾತಾಡಿದ್ದೇನೆ, ನೀರು ತೆಗೆಯುವಾಗ ಬರಲು ಒಪ್ಪಿದ್ದಾರೆ. ಇಳಿಜಾರು ಕಡೆ ನಾಲ್ಕು ಬೋರ್, ಮೇಲೆ ಒಂದು, ಶಾಲೆಯ ಕೊಳವೆ ಬಾವಿಯೂ ಸೇರಿ. ಯಾವ ವರ್ಗದ ಅರ್ಜಿ ಅಂತ ತಿಳಿಯಲು ಆರ್‌ಟಿಐ ಬರೆದಿದ್ದೇನೆ. ಕಂಪನಿಯವರಿಗೂ ಪತ್ರ ಕೊಟ್ಟೆ. ಉರಿಸುತ್ತೀರಾ, ಗೊಬ್ಬರ ಮಾಡುತ್ತೀರಾ, ಲಗೂನ್ ಎಷ್ಟು ದಿನದ್ದು, ಎವಾಪರೇಟರ್ ನಿಂತರೆ ಏನು ಮಾಡುತ್ತೀರಾ ಅಂತ. ಪತ್ರ ತಗೊಂಡಿದ್ದಾರೆ, ಸಹಿ ಹಾಕಿಕೊಟ್ಟಿದ್ದಾರೆ.

ಕಬ್ಬಿನಗಾಡಿ:
ನನ್ನ ಬೋರೂ ಇಳಿಜಾರು ಕಡೆಯೇ ಬರುತ್ತೆ ಗುರು. ಅದನ್ನೂ ಸೇರಿಸಿಕೋ. ನನ್ನ ಪಾಲಿನ ದುಡ್ಡು ನಾನು ಕೊಡ್ತೀನಿ.

ನಾಲೆಕೊನೆ_ಮದ್ದೂರು:
ಆಯ್ತು ಅಣ್ಣ, ಶುಕ್ರವಾರ ಸಂಜೆ ತೆಗೆಯೋಣ ಅಂತ ಇದ್ದೀವಿ.

ಲ್ಯಾಬ್_ಅಕ್ಕ_ಮೈಸೂರು:
ಶುಕ್ರವಾರ ಸಂಜೆ ಬೇಡ! ಶನಿವಾರ, ಭಾನುವಾರ ಎಷ್ಟೋ ಲ್ಯಾಬ್ ಮುಚ್ಚಿರುತ್ತೆ, ಎರಡು ದಿನ ಕ್ಯಾನ್ ಹಾಗೇ ಕೂರುತ್ತೆ. ಸೋಮವಾರ ಇಲ್ಲ ಮಂಗಳವಾರ ಬೆಳಿಗ್ಗೆ ತೆಗೆದು ಮಧ್ಯಾಹ್ನದೊಳಗೆ ಕೊಡಿ. ಮುಂಚಿನ ದಿನ ಲ್ಯಾಬಿಗೆ ಫೋನ್ ಮಾಡಿ, ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಬಾಟಲಿ ತಗೊಂಡು ಬನ್ನಿ, ಅದನ್ನು ಮಾತ್ರ ಗಲಬರಿಸಬೇಡಿ.